ಭಾವ ಹುಡುಕಿದ ಸುಳ್ಳು

ನಮ್ಮ ಭಾವ ಲಿಫ್ಟ್ ನಡೆಸುತ್ತಿದ್ದರು. ಹೀಗೆಂದರೆ ಈಗಿನವರು ನಗುತ್ತಾರೆ. ಗುಂಡಿ ಒತ್ತಿದರೆ ತಾನೇ ಹೋಗುವ ಪೆಟ್ಟಿಗೆಗೆ ನಡೆಸುವವನೊಬ್ಬ ಬೇರೆ ಬೇಕೇ ಎನ್ನುತ್ತಾರೆ. ನಾನು ಹೇಳುತ್ತಿರುವ ಲಿಫ್ಟಿಗೆ ಗುಂಡಿಗಳೇ ಇರಲಿಲ್ಲ. ಪೇಟೆಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ಮೆಟ್ಟಿಲುಗಳು ಸುತ್ತಿಕೊಂಡು ಏರುತ್ತಿದ್ದವು. ಅವುಗಳ ನಡುವಿನ ಖಾಲಿ ಜಾಗದಲ್ಲಿ ಕಬ್ಬಿಣದ ಸರಳುಗಳ ಒಂದು ಪಂಜರ ಮೇಲೆ ಕೆಳಗೆ ಓಡಾಡುತ್ತಿತ್ತು. ಒಳಗೊಂದು ಹಿತ್ತಾಳೆಯ ಹಿಡಿ. ಬಲಕ್ಕೆ ತಿರುಗಿಸಿದರೆ ಮೇಲಕ್ಕೆ, ಎಡಕ್ಕೆ ತಿರುಗಿಸಿದರೆ ಕೆಳಕ್ಕೆ. ಪಂಜರದ ನೆಲ ಮಹಡಿಯ ನೆಲಕ್ಕೆ ಸಮವಾಗಿ ನಿಲ್ಲಬೇಕಾದರೆ ಅದಕ್ಕೆ ಕೈಯಲ್ಲಿ ಹದ ಬೇಕು. ಹಿಡಿಯ ಪಕ್ಕದಲ್ಲಿ ಎತ್ತರದ ಸ್ಟೂಲು, ಸ್ಟೂಲಿನ ಮೇಲೆ ಭಾವ.

ನಮ್ಮಮ್ಮ ಅವರಿಗೆ 'ಮೋಡ' ಎಂದು ಹೆಸರಿಟ್ಟಿದ್ದಳು. "ನಿನ್ನ ಗಂಡ ಊಟಕ್ಕೆ ಕೂತಿದಾರೋ, ಮೋಡದ ಮೇಲೆ ಕೂತಿದಾರೋ ನೋಡೇ" ಎಂದು ಅಕ್ಕನಿಗೆ ಹೇಳುವಳು. ತುತ್ತು ಕೈಯಲ್ಲೇ ಇರುತ್ತಿತ್ತು, ಕಣ್ಣು ಕಿಟಕಿಯಾಚೆ ಎಲ್ಲೋ. ಅಂಥವರಿಗೆ ಲಿಫ್ಟಿನ ಕೆಲಸ ಹೇಳಿ ಮಾಡಿಸಿದ ಹಾಗಿತ್ತು. ಕೈ ಹಿಡಿಯ ಮೇಲಿದ್ದರೆ ಸಾಕು, ಮನಸ್ಸು ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು. ಕೆಳಗಿನ ಮಹಡಿಯಲ್ಲಿ ಬೀದಿಯ ಬಿಳಿ ಬೆಳಕು. ಪರದೆ ಬಟ್ಟೆಗಳ ಮಹಡಿಗೆ ಬರುವಾಗ ಅದೇ ಬೆಳಕು ಹಸಿರಾಗಿ, ನೀಲಿಯಾಗಿ, ಸರಳುಗಳ ನಡುವೆ ಹಾದು ಎಲ್ಲರ ಮುಖದ ಮೇಲೂ ಹರಿಯುತ್ತಿತ್ತು. ಉಣ್ಣೆಯ ಮಹಡಿಯಲ್ಲಿ ಶಬ್ದವೆಲ್ಲ ಮೆತ್ತಗಾಗುತ್ತಿತ್ತು. ಎಲ್ಲಕ್ಕಿಂತ ಮೇಲೆ ಗುಂಡಿ, ದಾರ, ಲೇಸುಗಳ ಮಹಡಿ. ಅಲ್ಲಿ ಗಾಜಿನ ಚಾವಣಿಯಿಂದ ಬಿಸಿಲು ನೇರವಾಗಿ ಬೀಳುತ್ತಿತ್ತು.

"ಎರಡನೇ ಮಹಡಿ ಬಿಟ್ಟ ಮೇಲೆ, ಮೂರನೇದು ಇನ್ನೂ ಬರದೇ ಇರುವಾಗ, ಒಂದು ಕ್ಷಣ ನಾವು ಎಲ್ಲೂ ಇರಲ್ಲ ನೋಡು" ಎಂದು ಭಾವ ಒಮ್ಮೆ ನನಗೆ ಹೇಳಿದ್ದರು. "ಅಲ್ಲಿ ಜನ ಮಾತು ನಿಲ್ಲಿಸ್ತಾರೆ. ಯಾಕೆ ನಿಲ್ಲಿಸಿದ್ವಿ ಅಂತ ಅವರಿಗೂ ಗೊತ್ತಿರಲ್ಲ." ದಣಿದವರು ಯಾರಾದರೂ ಹತ್ತಿದರೆ ಆ ಜಾಗದಲ್ಲಿ ಲಿಫ್ಟನ್ನು ಬೇಕೆಂದೇ ನಿಧಾನ ಮಾಡುತ್ತಿದ್ದರಂತೆ.

ಭಾವನ ಇನ್ನೊಂದು ಗುಣವನ್ನೂ ಹೇಳಬೇಕು, ಕಥೆಯೆಲ್ಲ ನಿಂತಿರುವುದು ಅದರ ಮೇಲೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇನೂ ವ್ರತವಲ್ಲ. ಸುಳ್ಳಿಗೆ ಬೇಕಾದ ಚುರುಕು ಅವರಲ್ಲಿರಲಿಲ್ಲ, ಅಷ್ಟೇ. ಸುಳ್ಳು ಹೊಳೆಯುವಷ್ಟರಲ್ಲಿ ನಿಜ ಬಾಯಿಂದ ಬಿದ್ದುಹೋಗಿರುತ್ತಿತ್ತು. ಒಮ್ಮೆ ಒಬ್ಬಾಕೆ ಹೊಸದಾಗಿ ಕೊಂಡ ಬಟ್ಟೆಯನ್ನು ಹೆಗಲ ಮೇಲೆ ಹರಡಿಕೊಂಡು, "ಈ ಬಣ್ಣ ನನಗೆ ಒಪ್ಪುತ್ತೇನಪ್ಪಾ?" ಎಂದು ಕೇಳಿದಳು. ಭಾವ ನೋಡಿ, "ಇಲ್ಲಮ್ಮ" ಎಂದರು. ಆಕೆ ಅದೇ ಲಿಫ್ಟಿನಲ್ಲಿ ಮತ್ತೆ ಮೇಲೆ ಹೋಗಿ ಬಟ್ಟೆ ವಾಪಸ್ ಕೊಟ್ಟಳು. ಅಂಗಡಿಯ ಯಜಮಾನರು ಭಾವನನ್ನು ಕರೆದು ಚೆನ್ನಾಗಿ ಉಗಿದರು. "ಅವರು ಕೇಳಿದ್ರಲ್ಲ ಸಾರ್" ಎಂಬುದಕ್ಕಿಂತ ಹೆಚ್ಚಿನ ಸಮಜಾಯಿಷಿ ಭಾವನ ಬಳಿ ಇರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಮನುಷ್ಯ, ಬಯ್ದರೂ ಒಳ್ಳೆಯದಕ್ಕೇ ಬಯ್ದರು ಎಂದುಕೊಂಡು ಮತ್ತೆ ಸ್ಟೂಲು ಹತ್ತಿದರು.

ಆಮೇಲೆ ಯಜಮಾನರ ಮಗ ಅಂಗಡಿ ವಹಿಸಿಕೊಂಡ. ಪಂಜರ ಬಿಚ್ಚಿಸಿ, ಒಳಗೆ ಕನ್ನಡಿ ಇರುವ ಹೊಸ ಲಿಫ್ಟ್ ಹಾಕಿಸಿದ. ಭಾವ ಮನೆಗೆ ಬಂದರು.

ಅಕ್ಕನ ಸಂಬಳದಲ್ಲಿ ಸಂಸಾರ ನಡೆಯುತ್ತಿತ್ತು, ಅದಕ್ಕೇನೂ ತೊಂದರೆಯಿರಲಿಲ್ಲ. ಭಾವ ಬೆಳಿಗ್ಗೆ ಎದ್ದು ತರಕಾರಿ ಹೆಚ್ಚಿ ಕೊಡುವರು, ಪಾತ್ರೆ ತೊಳೆಯುವರು, ಬಾಲ್ಕನಿಯ ಕುರ್ಚಿಯಲ್ಲಿ ಕೂರುವರು. ಕೆಲಸ ಇದ್ದಾಗಲೂ ಅವರು ಹಾಗೆಯೇ ಕೂರುತ್ತಿದ್ದರು, ಕೆಲಸ ಹೋದ ಮೇಲೂ ಹಾಗೆಯೇ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ನಾನು ಮತ್ತು ಅಮ್ಮ ದಿನಾ ಇಳಿದು ಬಂದು ನೋಡುತ್ತಿದ್ದೆವು. ಮೋಡ ಇದ್ದಲ್ಲೇ ಇದೆ ಎಂದುಕೊಂಡು ಹತ್ತಿ ಹೋಗುತ್ತಿದ್ದೆವು.

ಅಕ್ಕನ ಕೆಲಸ ಬೇರೆ ಲೋಕದ್ದು. ಬೇರೆ ಬೇರೆ ಸಂಸ್ಥೆಗಳಿಗೆ ಜನರನ್ನು ಆರಿಸಿ ಕೊಡುವ ಕಚೇರಿ ಅದು. ಅಲ್ಲಿ ಸ್ವಭಾವ ಪರೀಕ್ಷೆಯ ಕೋಣೆ ಅವಳ ಕೈಯಲ್ಲಿತ್ತು. ಮಂಜುಗಾಜಿನ ಕಿಟಕಿಗಳು, ಸಾಲಾಗಿ ಮೇಜುಗಳು, ಪ್ರತಿ ಮೇಜಿನ ಮೇಲೂ ಚೂಪು ಮಾಡಿಟ್ಟ ಪೆನ್ಸಿಲ್. ಬಂದವರಿಗೆ ಒಂದು ಪುಸ್ತಿಕೆ ಕೊಡುತ್ತಾರೆ. ಅದರ ತುಂಬ ಸಣ್ಣ ಸಣ್ಣ ವಾಕ್ಯಗಳು. 'ನನಗೆ ಹೊಸಬರ ಜೊತೆ ಬೆರೆಯುವುದು ಇಷ್ಟ.' 'ನಾನು ಆಗಾಗ ಹಗಲುಗನಸು ಕಾಣುತ್ತೇನೆ.' ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು. ಉತ್ತರಗಳನ್ನು ಯಂತ್ರ ಓದಿ, ಇವನು ಇಂಥ ಮನುಷ್ಯ ಎಂದು ಹೇಳುತ್ತದೆ.

ನಾನು ಇದನ್ನು ಗಿಳಿಶಾಸ್ತ್ರ ಎಂದು ಗೇಲಿ ಮಾಡುತ್ತಿದ್ದೆ. ಅಕ್ಕ ಕೆರಳುತ್ತಿದ್ದಳು. "ಮುಂಚೆ ಹೇಗಿತ್ತು ಹೇಳು? ಮಾವ ದೊಡ್ಡ ಹುದ್ದೇಲಿದ್ರೆ ಅಳಿಯನಿಗೆ ಕೆಲಸ. ಬಾಯಿ ಜೋರಿದ್ರೆ ಕೆಲಸ. ಈಗ ಬಾಯಿ ಬಿಡೋಕೆ ಹೆದರೋನಿಗೂ ಒಂದು ಬಾಗಿಲಿದೆ ಕಣೋ. ಮಾತಾಡೋಕೇ ತೊದಲ್ತಿದ್ದೋನು ಒಬ್ಬ ಇವತ್ತು ಒಂದು ಗೋದಾಮನ್ನೇ ನೋಡ್ಕೋತಿದಾನೆ." ಅವಳು ಹೇಳಿದ್ದು ನಿಜವೇ. ವಾದದಲ್ಲಿ ನಾನು ಅವಳನ್ನು ಗೆದ್ದ ನೆನಪಿಲ್ಲ.

ಒಂದು ದಿನ ಅಕ್ಕನ ಕಚೇರಿಗೆ ದೊಡ್ಡ ಆಸ್ಪತ್ರೆಯೊಂದರಿಂದ ಬೇಡಿಕೆ ಬಂತು. ಅವರಿಗೆ ಲಿಫ್ಟ್ ನಡೆಸುವವರು ಬೇಕಿತ್ತು. ಮಲಗಿದ ರೋಗಿಗಳನ್ನು ಗಾಲಿಮಂಚದ ಮೇಲೆ ಒಯ್ಯುವ ಹಳೆಯ, ಅಗಲವಾದ ಲಿಫ್ಟ್ ಅದು. ಅಲ್ಲಿ ಇನ್ನೂ ಹಿಡಿ ತಿರುಗಿಸುವ ಕೈ ಬೇಕಾಗಿತ್ತು. ಅಕ್ಕ ರಜೆಯ ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಸುಮ್ಮನೆ ಈ ಸುದ್ದಿ ಹೇಳಿದಳು. ಭಾವ ತಟ್ಟೆಯಿಂದ ತಲೆಯೆತ್ತಿದರು.

"ನಂಗೆ ಅದು ಬೇಕು ಕಣೇ" ಎಂದರು.

ಭಾವ ಏನನ್ನಾದರೂ ಬೇಕು ಎಂದದ್ದನ್ನು ನಾವು ಯಾರೂ ಕೇಳಿರಲಿಲ್ಲ. ಅಮ್ಮ ಬಡಿಸುವ ಸೌಟನ್ನು ಹಿಡಿದೇ ನಿಂತಳು. ಭಾವ ಅಂದು ಮಧ್ಯಾಹ್ನವೇ ಷೂಗಳನ್ನು ಹೊರಗೆ ತೆಗೆದು ಪಾಲಿಷ್ ಮಾಡಿದರು. ಆಸ್ಪತ್ರೆಯ ಮುಂದೆ ಹೋಗಿ, ಅದು ಎಷ್ಟು ಎತ್ತರವಿದೆ ಎಂದು ನೋಡಿ ಬಂದರು. ರಾತ್ರಿ ಮಲಗುವವರೆಗೂ ಅದರದೇ ಮಾತು. ಮಲಗಿಕೊಂಡೇ ಮೇಲಕ್ಕೆ ಹೋಗುವವರಿಗೆ ಚಾವಣಿ ಮಾತ್ರ ಕಾಣುತ್ತಲ್ಲ, ಅಲ್ಲೊಂದು ಮೆತ್ತನೆ ದೀಪ ಇದ್ದರೆ ಚೆನ್ನಾಗಿರುತ್ತದೆ ಎಂದರು. ನಡುವೆ ಎಲ್ಲೂ ಜರ್ಕ್ ಆಗದ ಹಾಗೆ ಹೇಗೆ ನಿಲ್ಲಿಸಬೇಕು ಎಂದು ಗಾಳಿಯಲ್ಲೇ ಕೈ ತಿರುಗಿಸಿ ನನಗೆ ತೋರಿಸಿದರು.

ರೋಗಿಗಳ ಜೊತೆ ಒಡನಾಡುವ ಕೆಲಸವಾದ್ದರಿಂದ ಸ್ವಭಾವ ಪರೀಕ್ಷೆ ಬರೆಯಲೇಬೇಕೆಂದು ಆಸ್ಪತ್ರೆಯವರು ಹೇಳಿದ್ದರು. ಇವರು ನನ್ನ ಗಂಡ, ಕೋಣೆಯಲ್ಲಿ ನಾನಿರುವುದು ಸರಿಯಲ್ಲ ಎಂದು ಅಕ್ಕ ತನ್ನ ಮೇಲಿನ ಮೇಡಮ್ಮಿಗೆ ತಿಳಿಸಿದಳು. "ನೋಡೋದು ಯಂತ್ರ, ನೀವಲ್ಲ. ನೀವು ಪೆನ್ಸಿಲ್ ಕೊಡಿ ಸಾಕು" ಎಂದರು ಮೇಡಮ್.

ಪರೀಕ್ಷೆಯ ಬೆಳಿಗ್ಗೆಯ ಕುರಿತು ಅಕ್ಕ ನನಗೆ ಆಮೇಲೆ ಹೇಳಿದಳು. ಫ್ಯಾನ್ ತಿರುಗುವ ಸದ್ದು, ಪೆನ್ಸಿಲ್ ಉಜ್ಜುವ ಸದ್ದು. ಮಂಜುಗಾಜಿನ ಬೆಳಕಿನಲ್ಲಿ ಎಲ್ಲರ ಅಂಚೂ ಮಾಸಿದ ಹಾಗಿತ್ತು. ಉಳಿದವರು ಹಣೆ ಗಂಟಿಕ್ಕಿಕೊಂಡು ಬರೆಯುತ್ತಿದ್ದರು. ಭಾವ ಒಂದೊಂದು ವಾಕ್ಯ ಓದಿ ತಲೆಯೆತ್ತಿ, ಎಲ್ಲೋ ಹೋಗಿ, ಹಿಂದಿರುಗಿ ಬಂದು ಗುರುತು ಹಾಕುತ್ತಿದ್ದರು. ಹಗಲುಗನಸಿನ ವಾಕ್ಯ ಬಂದಾಗ ನಕ್ಕರು. ಅದು ಯಾವ ವಾಕ್ಯವೆಂದು ಅಕ್ಕನಿಗೆ ದೂರದಿಂದಲೇ ತಿಳಿಯಿತು, ಅವಳಿಗೂ ನಗು ಬಂತು. ಆದರೆ ಪುಸ್ತಿಕೆಯ ಕೊನೆಯ ಹಾಳೆಗಳು ಹತ್ತಿರವಾದಂತೆ ಅವಳು ಅವರತ್ತ ನೋಡುವುದನ್ನು ಬಿಟ್ಟು, ಉಳಿದ ಪೆನ್ಸಿಲ್ಲುಗಳನ್ನು ಮತ್ತೆ ಮತ್ತೆ ಎಣಿಸತೊಡಗಿದಳು.

ಏಕೆಂದರೆ ಆ ಪುಸ್ತಿಕೆಯಲ್ಲಿ ಕೆಲವು ಗಾಳಗಳಿದ್ದವು. ಕಚೇರಿಯವರು ಅವನ್ನು ಕರೆಯುತ್ತಿದ್ದುದೇ ಹಾಗೆ. 'ನಾನು ಜೀವನದಲ್ಲಿ ಒಮ್ಮೆಯೂ ಸುಳ್ಳು ಹೇಳಿಲ್ಲ.' 'ನನಗೆ ಯಾರ ಮೇಲೂ ಸಿಟ್ಟು ಬಂದಿಲ್ಲ.' ಇಂಥ ವಾಕ್ಯಗಳಿಗೆ ಹೌದು ಎನ್ನುವವನು ತನ್ನನ್ನು ದೇವರೆಂದು ತೋರಿಸಿಕೊಳ್ಳಲು ಹೊರಟವನು ಎಂಬುದು ಲೆಕ್ಕ. ಲೋಕದಲ್ಲಿ ಸುಳ್ಳು ಹೇಳದವರು ಇಲ್ಲ. ಆದ್ದರಿಂದ ಹೇಳಿಲ್ಲ ಎನ್ನುವವನು ಈಗ ಹೇಳುತ್ತಿದ್ದಾನೆ. ಗಾಳಗಳ ಬಗ್ಗೆ ಹೊರಗೆ ಬಾಯಿ ಬಿಡುವುದಿಲ್ಲ ಎಂದು ಅಕ್ಕ ಕೆಲಸಕ್ಕೆ ಸೇರುವಾಗಲೇ ಮಾತು ಕೊಟ್ಟಿದ್ದಳು. ಗಂಡನಿಗೂ ಹೇಳಿರಲಿಲ್ಲ.

ಭಾವ ಎಲ್ಲ ಗಾಳಗಳನ್ನೂ ನುಂಗಿದ್ದರು. 'ಈ ಅಭ್ಯರ್ಥಿಗೆ ಸುಳ್ಳು ಹೇಳುವ ಪ್ರವೃತ್ತಿ ಇದೆ, ನಂಬಲಾಗದು' ಎಂದು ಯಂತ್ರ ಹೇಳಿತು.

ಅಕ್ಕ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು. ಭಾವ ಬಾಲ್ಕನಿಯಿಂದ ಎದ್ದು ಬಂದರು.

"ಏನಾಯ್ತೇ?"

"ಆಗ್ಲಿಲ್ಲ ರೀ. ನಿಮಗೆ ಸುಳ್ಳು ಹೇಳೋ ಸ್ವಭಾವ ಇದೆ ಅಂತ ಬಂದಿದೆ."

ನನಗೆ ಮೈಯೆಲ್ಲ ಉರಿಯಿತು. ಆ ಯಂತ್ರವನ್ನು ಎತ್ತಿ ಕಿಟಕಿಯಿಂದ ಎಸೆಯಬೇಕು ಎನ್ನಿಸಿತು. ಅಮ್ಮ, "ಸತ್ಯಕ್ಕೆ ಸಾವಿಲ್ಲ, ಆ ಯಂತ್ರದ ಮನೆ ಹಾಳಾಗ" ಎಂದು ಶಾಪ ಹಾಕಿದಳು. ಭಾವನಿಗೆ ಮಾತ್ರ ಸಿಟ್ಟು ಬರಲಿಲ್ಲ.

"ಹಾಗಾದ್ರೆ ಎಲ್ಲೋ ಹೇಳಿರ್ಬೇಕು" ಎಂದರು. "ನಂಗೇ ನೆನಪಿಲ್ಲ. ಹುಡುಕಿ ನೋಡ್ತೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಕದಿಯದವನೂ ಮುಟ್ಟಿ ನೋಡಿಕೊಳ್ಳುವುದನ್ನು ನಾನು ಕಂಡದ್ದು ಅದೇ ಮೊದಲು.

ಮಾರನೆಯ ದಿನದಿಂದ ಹುಡುಕಾಟ ಶುರುವಾಯಿತು. ಮೊದಲು ನನ್ನ ಬಳಿ ಬಂದರು. "ನಿಂಗೆ ನಾನು ಯಾವತ್ತಾದ್ರೂ ಸುಳ್ಳು ಹೇಳಿದೀನಾ? ಸಂಕೋಚ ಬೇಡ, ಹೇಳಪ್ಪ." ಅವರ ಕಣ್ಣು ನೋಡಿ ನನಗೆ ಸಂಕಟವಾಯಿತು. ಏನಾದರೊಂದು ಕೊಟ್ಟು ಕಳಿಸೋಣವೆಂದು, "ನನ್ನ ಹೊಸ ಷರ್ಟ್ ಚೆನ್ನಾಗಿದೆ ಅಂದಿದ್ರಲ್ಲ ಭಾವ, ಅದು?" ಎಂದೆ. ಅವರು ಯೋಚಿಸಿ, "ಅದು ಚೆನ್ನಾಗೇ ಇತ್ತಲ್ಲ" ಎಂದರು. ಆಮೇಲೆ ಅಮ್ಮನ ಬಳಿ ಹೋದರು. ಅಮ್ಮನಿಗೂ ಕರುಣೆ. "ಹೋಗ್ಲಿ ಬಿಡಿ, ನನ್ನ ಅಡುಗೆ ಚೆನ್ನಾಗಿದೆ ಅಂತ ಇಷ್ಟು ವರ್ಷ ಹೇಳ್ತಾ ಬಂದಿದೀರಲ್ಲ, ಅದನ್ನೇ ಸುಳ್ಳು ಅಂತ ಇಟ್ಕೊಳ್ಳಿ" ಎಂದಳು.

"ಅತ್ತೆ, ನಾನು ಯಾವತ್ತೂ ಹಾಗೆ ಹೇಳಿಲ್ಲ" ಎಂದರು ಭಾವ.

ಅಮ್ಮ ಆ ವಾರವೆಲ್ಲ ಅವರ ಜೊತೆ ಮಾತು ಬಿಟ್ಟಳು.

ಇದನ್ನೆಲ್ಲ ನೋಡಲಾರದೆ ನಾನು ಅಕ್ಕನನ್ನು ಅಡುಗೆಮನೆಯಲ್ಲಿ ಹಿಡಿದು ಜಗಳಕ್ಕೆ ನಿಂತೆ. ಗಾಳಗಳ ವಿಷಯ ಅವಳು ನನಗೆ ಹೇಳಿದ್ದು ಆಗಲೇ, ಅದೂ ಅಳುತ್ತಾ.

"ಅವರಿಗೂ ಹೇಳಿಬಿಡೇ! ಇನ್ನೊಂದು ಸಲ ಬರೆದು ಪಾಸಾಗ್ತಾರೆ."

"ಏನಂತ ಹೇಳ್ಲಿ? ಸುಳ್ಳು ಹೇಳಿದೀನಿ ಅಂತ ಬರೀರಿ ಅಂತಾನಾ? ಅವರ ಪಾಲಿಗೆ ಅದೇ ಸುಳ್ಳಾಗುತ್ತಲ್ಲೋ. ಕೆಲಸ ಸಿಗ್ಲಿ ಅಂತ ನಾನೇ ಅವರ ಕೈಲಿ ಮೊದಲ್ನೇ ಸುಳ್ಳು ಹೇಳಿಸ್ಲಾ?"

ಭಾವನಿಗೆ ಆ ಲಿಫ್ಟ್ ಸಿಗಬೇಕಾದರೆ ನಿಜವಾದ ಒಂದು ಸುಳ್ಳು ಬೇಕಾಗಿತ್ತು, ಅದನ್ನು ಅವರೇ ಹುಡುಕಿಕೊಳ್ಳಬೇಕಾಗಿತ್ತು.

ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಒಂದು ತಮಾಷೆ ನಡೆಯಿತು. ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದು ಆಯ್ಕೆಯಾದವನಿಗೆ ಲಿಫ್ಟ್ ಹತ್ತಿದರೆ ತಲೆ ಸುತ್ತುತ್ತಿತ್ತು. ತಾಳ್ಮೆ, ಕರುಣೆ, ಶಿಸ್ತು ಎಲ್ಲವನ್ನೂ ಅಳೆದಿದ್ದರು. ತಲೆಸುತ್ತಿನ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ಆಸ್ಪತ್ರೆಯವರು ಮತ್ತೆ ಜನ ಕೇಳಿದರು. ಮೊದಲು ಬರೆದವರೂ ಇನ್ನೊಮ್ಮೆ ಬರೆಯಬಹುದು ಎಂದಾಯಿತು.

ಭಾವ ಇನ್ನೂ ಹುಡುಕುತ್ತಲೇ ಇದ್ದರು. ಒಂದು ಮಧ್ಯಾಹ್ನ ಹಳೆಯ ಅಂಗಡಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಮೆಟ್ಟಿಲು ಹತ್ತಿ ಗುಂಡಿಗಳ ಮಹಡಿಗೆ ಹೋದೆವು. ಅಲ್ಲಿ ಗುಂಡಿ ಮಾರುವ ಅಜ್ಜಿ ಭಾವನನ್ನು ಕಂಡು ಹಿಗ್ಗಿದಳು. ಭಾವ ಅವಳನ್ನೂ ಅದೇ ಪ್ರಶ್ನೆ ಕೇಳಿದರು. "ಸುಳ್ಳಾ? ನೀನಾ?" ಎಂದು ಅವಳು ನಕ್ಕ ರಭಸಕ್ಕೆ ಕೈಯಲ್ಲಿದ್ದ ಡಬ್ಬಿ ಮಗುಚಿತು, ಮುತ್ತಿನ ಗುಂಡಿಗಳು ಬಿಸಿಲಿನಲ್ಲಿ ಎಲ್ಲ ಕಡೆಗೂ ಉರುಳಿದವು. ಮೂವರೂ ಮೊಣಕಾಲೂರಿ ಆರಿಸಿದೆವು.

ಇಳಿಯುವಾಗ ಭಾವ ಹೊಸ ಲಿಫ್ಟಿನ ಮುಂದೆ ನಿಂತರು. ಅವರು ಅದರೊಳಗೆ ಕಾಲಿಡುತ್ತಿದ್ದುದು ಅದೇ ಮೊದಲು. ಬಾಗಿಲು ಮುಚ್ಚಿತು. ಒಂದು ಹೆಣ್ಣುದನಿ ಮಹಡಿಯ ಸಂಖ್ಯೆ ಹೇಳಿತು. ಸುತ್ತಲೂ ಕನ್ನಡಿ, ತಲೆಯ ಮೇಲೆ ಒಂದೇ ಸಮನೆ ಉರಿಯುವ ಬಿಳಿ ದೀಪ. ಹಸಿರಿಲ್ಲ, ನೀಲಿಯಿಲ್ಲ, ಎಲ್ಲಿದ್ದೇವೆ ಎಂದು ತಿಳಿಯಲು ಅಂಕಿಯನ್ನೇ ನೋಡಬೇಕು. ಭಾವನ ಬಲಗೈ ತಾನಾಗಿಯೇ ಎದ್ದು, ಹಿಡಿ ಇದ್ದ ಜಾಗಕ್ಕೆ ಹೋಗಿ, ಗಾಳಿಯನ್ನು ಹಿಡಿಯಿತು. ಅವರು ಕನ್ನಡಿಯಲ್ಲಿ ಆ ಕೈಯನ್ನು ನೋಡಿದರು. ಬಾಗಿಲು ತೆರೆಯಿತು, ಜನ ಹತ್ತಿದರು, ನಾವು ಇಳಿಯಲಿಲ್ಲ. ಮತ್ತೆ ಮೇಲೆ ಹೋದೆವು, ಮತ್ತೆ ಕೆಳಗೆ ಬಂದೆವು.

ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತರು. "ಸಿಕ್ತು" ಎಂದರು.

"ಏನು ಭಾವ? ಸುಳ್ಳಾ?"

"ಹೂಂ. ಒಂದು ಸಿಕ್ಕಿದ ಮೇಲೆ ಉಳಿದಿದ್ದೆಲ್ಲ ಅದರ ಬಾಲ ಹಿಡ್ಕೊಂಡು ಬಂದ್ವು. ಸಿಟ್ಟು ಕೂಡ ಇತ್ತು ನೋಡು. ಯಜಮಾನರ ಮಗನ ಮೇಲೆ. ನಂಗೆ ಸಿಟ್ಟು ಬರುತ್ತೆ ಅಂತ ಗೊತ್ತೇ ಇರಲಿಲ್ಲ."

"ಯಾವ ಸುಳ್ಳು?"

"ಅದು ಅವಳಿಗೆ ಹೇಳಬೇಕಾದ್ದು" ಎಂದು ಎದ್ದರು. ಕಳೆದುಹೋಗಿದ್ದೇನೋ ಸಿಕ್ಕವರಂತೆ ಮನೆಯವರೆಗೂ ನಗುತ್ತಲೇ ನಡೆದರು. ಅವರ ಆ ನಗು ಏಕೋ ನನ್ನನ್ನು ಹೆದರಿಸಿತು.

ಪರೀಕ್ಷೆ ಮುಗಿಯುವ ತನಕ ತನಗೇನೂ ಹೇಳಬಾರದೆಂದು ಅಕ್ಕ ಅವರ ಬಾಯಿ ಕಟ್ಟಿದ್ದಳು. ಅವಳ ನಿಯಮಗಳೇ ಹಾಗೆ, ಗೆರೆ ಕೊರೆದಂತೆ. ಭಾವ ಎರಡನೆಯ ಸಲ ಕೂತು ಬರೆದರು. ಈ ಸಲ ತಲೆಯೆತ್ತಿ ಎಲ್ಲೋ ನೋಡಲಿಲ್ಲವಂತೆ. ಉಳಿದವರ ಹಾಗೆಯೇ ಹಣೆ ಗಂಟಿಕ್ಕಿಕೊಂಡು ಬರೆದು ಮುಗಿಸಿದರಂತೆ. 'ಪ್ರಾಮಾಣಿಕ ವ್ಯಕ್ತಿ, ನಂಬಬಹುದು' ಎಂದು ಯಂತ್ರ ಹೇಳಿತು. ಆಸ್ಪತ್ರೆಯವರು ಮುಂದಿನ ವಾರದಿಂದಲೇ ಬನ್ನಿ ಎಂದರು.

ಆ ಸಂಜೆ ಮನೆಯಲ್ಲಿ ಹಬ್ಬದ ಕಳೆ. ಅಮ್ಮ ಮಾತು ಬಿಟ್ಟಿದ್ದನ್ನು ಮರೆತು ಅಳಿಯನಿಗೆ ಎರಡೆರಡು ಸಲ ಬಡಿಸಿದಳು. ಭಾವ ಚೆನ್ನಾಗಿ ಉಂಡರು, ತುತ್ತು ಕೈಯಲ್ಲಿ ಹಿಡಿದು ಎಲ್ಲೂ ಹೋಗಲಿಲ್ಲ. ಊಟವಾದ ಮೇಲೆ ಎಲ್ಲರೂ ಬಾಲ್ಕನಿಯಲ್ಲಿ ಕೂತೆವು. ಎದುರು ಮನೆಗಳ ಕಿಟಕಿಗಳಲ್ಲಿ ಒಂದೊಂದಾಗಿ ದೀಪ ಹತ್ತುತ್ತಿತ್ತು. ಗಾಳಿ ತಣ್ಣಗಿತ್ತು.

"ಈಗಾದ್ರೂ ಹೇಳಿ. ಯಾವ ಸುಳ್ಳು ರೀ ಅದು? ಯಾರಿಗೆ ಹೇಳಿದ್ದು?" ಅಕ್ಕ ನಗುತ್ತಲೇ ಕೇಳಿದಳು.

"ನಿನಗೇ."

ಅಕ್ಕನ ನಗು ನಿಂತಿತು.

"ಪಂಜರ ಬಿಚ್ಚಿದ ದಿನ ಬೇಜಾರಾಯ್ತಾ ಅಂತ ಕೇಳಿದೆ ನೀನು. ಇಲ್ಲ ಅಂದೆ ನಾನು. ಆಮೇಲೂ ನೀನು ಆಗಾಗ ಕೇಳ್ತಿದ್ದೆ. ಇಲ್ಲ, ಇಲ್ಲ ಅಂತಾನೇ ಅಂದೆ. ಬಾಯಿಗೆ ಬಂದದ್ದನ್ನ ಹೇಳಿದ್ದೆ, ಅದು ಸುಳ್ಳು ಅಂತ ನಂಗೇ ಗೊತ್ತಿರಲಿಲ್ಲ." ಭಾವ ತಮ್ಮ ಬಲಗೈಯನ್ನು ನೋಡಿಕೊಂಡರು. "ಬೇಜಾರಿತ್ತು ಕಣೇ. ಬೆಳಿಗ್ಗೆ ಯಾಕೆ ಏಳಬೇಕು ಅನ್ನೋಷ್ಟು ಬೇಜಾರಿತ್ತು."

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ದಿನವೂ ಇಳಿದು ಬಂದು, ನೋಡಿ, ಹತ್ತಿ ಹೋಗುತ್ತಿದ್ದವರು ನಾವು.

"ನನಗೆ ಗೊತ್ತಾಗ್ಲೇ ಇಲ್ವಲ್ರೀ" ಎಂದಳು ಅಕ್ಕ.

"ನಾನು ಹೇಳಿದ್ದನ್ನ ನೀನು ನಂಬಿದೆ. ಅದರಲ್ಲಿ ನಿಂದೇನು ತಪ್ಪು?"

ಅಕ್ಕ ಕಣ್ಣು ಒರೆಸಿಕೊಂಡಳು. ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು, "ಈಗ? ಈಗ ಬೇಜಾರಿಲ್ಲ ತಾನೇ?" ಎಂದು ಕೇಳಿದಳು.

"ಇಲ್ಲ" ಎಂದರು ಭಾವ.

ಅಕ್ಕ ತಲೆಯಾಡಿಸಲಿಲ್ಲ. ಮದುವೆಯಾದಂದಿನಿಂದ ಮೊದಲ ಬಾರಿಗೆ, ಗಂಡ ಹೇಳಿದ್ದು ನಿಜವೋ ಅಲ್ಲವೋ ಎಂದು ತಿಳಿಯಲು ಅವಳು ಅವರ ಮುಖವನ್ನೇ ನೋಡುತ್ತ ಕೂತಳು.